ಓಟಗಾರನ ಹಿಂದೆ ನಿಂತ ಊರು

ಹಂಪಿಯ ಅರಮನೆಯಲ್ಲಿ ಕೃಷ್ಣದೇವರಾಯನ ದಿನ ನಸುಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಎದ್ದವನೇ ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೆ ಒಂದು ತುಂಡು ಬಟ್ಟೆ ಸುತ್ತಿಕೊಂಡು ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು, ಹಚ್ಚಿದ ಎಣ್ಣೆಯೆಲ್ಲ ಬೆವರಿನ ಜೊತೆ ಇಳಿದುಹೋಗುವ ತನಕ ಸಾಮು ಮಾಡುತ್ತಿದ್ದ. ಅದು ಮುಗಿದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆ ಹತ್ತಿ ಬಯಲಿನಲ್ಲಿ ಅತ್ತಿಂದಿತ್ತ ಓಡಿಸುತ್ತಿದ್ದ. ಇಷ್ಟೂ ಆಗುವಾಗ ಬೆಳಕು ಹರಿಯುತ್ತಿತ್ತು. 1520ರ ಆಸುಪಾಸಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ರಾಜನ ಎತ್ತರ ಸಾಧಾರಣ, ಮೈ ತುಸು ದಪ್ಪ, ಮುಖದ ಮೇಲೆ ಸಿಡುಬಿನ ಕಲೆ ಎಂಬುದನ್ನೂ ಅವನು ಬಿಟ್ಟಿಲ್ಲ. ಆದ್ದರಿಂದ ಈ ಸಾಮಿನ ಮಾತನ್ನು ಬರೀ ಹೊಗಳಿಕೆ ಎಂದು ತಳ್ಳಿಹಾಕುವಂತಿಲ್ಲ.

ರಾಜನಿಗೆ ಅಂಗಸಾಧನೆ ಖಾಸಗಿ ಹವ್ಯಾಸ ಮಾತ್ರವಾಗಿರಲಿಲ್ಲ, ರಾಜ್ಯವೇ ಅದನ್ನು ಪೋಷಿಸುತ್ತಿತ್ತು. ಮಹಾನವಮಿಯ ಒಂಬತ್ತು ದಿನ ಅರಸನ ಮುಂದೆ ಜಟ್ಟಿಗಳ ಕಾಳಗ ನಡೆಯುತ್ತಿತ್ತು. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖದ ಗುರುತೇ ಸಿಗದಂತೆ ಮಾಡುವ ಹೊಡೆತಗಳ ಕಾಳಗ ಅದು. ಸೋತವನನ್ನು ಅವನ ಗೆಳೆಯರು ಹೊತ್ತು ಒಯ್ಯುತ್ತಿದ್ದರು. ಪಂದ್ಯಕ್ಕೆ ತೀರ್ಪುಗಾರರೂ ಇರುತ್ತಿದ್ದರು. ಪಯಸ್‌ನ ನಂತರ, 1535ರ ಸುಮಾರಿಗೆ ಇಲ್ಲಿದ್ದ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್ ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರೆಂದು ಹೇಳುತ್ತಾನೆ. ಮಹಾನವಮಿ ದಿಬ್ಬದ ಕಲ್ಲಿನ ಸಾಲುಗಳಲ್ಲಿ ಬೇಟೆಗಾರರು, ನರ್ತಕಿಯರು ಮತ್ತು ಕುದುರೆಗಳ ನಡುವೆ ಮಲ್ಲರನ್ನು ಈಗಲೂ ನೋಡಬಹುದು.

ಈ ಸೀಮೆಯ ಕ್ರೀಡೆಯ ನೆನಪು ವಿಜಯನಗರಕ್ಕಿಂತ ಹಳೆಯದು. ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮನ ಕಥೆ ತಿರುವು ಪಡೆಯುವುದೇ ಚೆಂಡಾಟದಿಂದ. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ಅದನ್ನು ತರಲು ಹೋದ ರಾಜಕುಮಾರನಿಗೆ ವಿಪತ್ತು ಕಾದಿರುತ್ತದೆ. ಕಂಪ್ಲಿಯ ಸುತ್ತಲಿನ ಹಳ್ಳಿಗಳಲ್ಲಿ ಕುಮಾರರಾಮ ಇಂದಿಗೂ ಮನೆಮಾತು. ಕಂಪಿಲ ರಾಜ್ಯ 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿತ್ತು. ಅದರ ಬೂದಿಯಿಂದ ಎದ್ದ ವಿಜಯನಗರ 1565ರಲ್ಲಿ ನೆಲಕಚ್ಚಿತು.

ಅರಮನೆ ಬಿದ್ದಾಗ ಜಟ್ಟಿಗೆ ಅನ್ನ ಹಾಕುವ ಕೈಯೂ ಹೋಯಿತು. ಕುಸ್ತಿ ಉಳಿದುಕೊಂಡದ್ದು ಊರ ಗರಡಿಮನೆಯಲ್ಲಿ, ಜಾತ್ರೆಯ ಕಣದಲ್ಲಿ. ಹಳ್ಳಿಯ ಜನ ಕೂಡಿ ಕೆಂಪು ಮಣ್ಣು ಹದ ಮಾಡಿ, ಗೆದ್ದವನಿಗೆ ಕಡಗ ತೊಡಿಸಿ ಅದನ್ನು ಕಾಪಾಡಿದರು. ಓಟಕ್ಕೆ ಅಂಥ ಆಸರೆ ಸಿಗಲಿಲ್ಲ. ಹೊಲಕ್ಕೆ, ಸಂತೆಗೆ, ಓಲೆ ಮುಟ್ಟಿಸಲಿಕ್ಕೆ ಎಲ್ಲರೂ ಓಡುತ್ತಿದ್ದರು. ಹಾಗೆ ಓಡುವವನ ಬೆನ್ನಿಗೆ ಒಂದು ಊರು ನಿಲ್ಲಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕನ್ನಡ ನೆಲದ ಓಟಗಾರರ ಚರಿತ್ರೆಯ ಪ್ರಶ್ನೆ ಇದೇ. ಗಟ್ಟಿ ಕಾಲುಗಳು ಇಲ್ಲಿ ಯಾವತ್ತೂ ಇದ್ದವು. ಆ ಕಾಲಿನ ಹಿಂದೆ ನಿಂತವರು ಯಾರು?

ಪುಣೆಯ ರಸ್ತೆ, ಆಂಟ್‌ವರ್ಪ್‌ನ ಮಳೆ

ಮೊದಲ ಉತ್ತರ ಬಂದದ್ದು 1919ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಿಂದ. ಜಿಮ್ಖಾನಾದ ಅಧ್ಯಕ್ಷ ಸರ್ ದೊರಾಬ್ಜಿ ಟಾಟಾ. ತಂದೆ ಜಮ್ಷೆಡ್ಜಿ ಕಂಡ ಉಕ್ಕಿನ ಕನಸನ್ನು ಅದಿರು ಹುಡುಕಿ, ಬಂಡವಾಳ ಕೂಡಿಸಿ ನನಸು ಮಾಡಿದ್ದವರು ಅವರು. ಅವರ ಕಾರ್ಖಾನೆ 1912ರಲ್ಲಿ ಮೊದಲ ಉಕ್ಕು ಹೊರತಂದಿತ್ತು. 1919ರಲ್ಲೇ ಕಾರ್ಖಾನೆಯಿದ್ದ ಸಾಕ್ಚಿ ಎಂಬ ಊರಿಗೆ ಜಮ್ಷೆಡ್‌ಪುರ ಎಂದು ಹೆಸರಿಡಲಾಯಿತು.

ಆ ಕೂಟದಲ್ಲಿ ಕಂಡದ್ದನ್ನು ದೊರಾಬ್ಜಿ ಹತ್ತು ವರ್ಷದ ನಂತರ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನೆದರು. ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು, ಬಡ ಊಟದ ಮೇಲೆ ಬದುಕುವವರು. ಯುರೋಪಿನ ನಿಯಮಗಳು ಅವರಿಗೆ ಗೊತ್ತಿರಲಿಲ್ಲ, ಹೊಸ ಕಾಲದ ತರಬೇತಿ ಎಂದರೇನೆಂದು ಕೇಳಿರಲಿಲ್ಲ. ದೂರದ ಓಟವನ್ನು ಪುಣೆಯ ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದರು. ಆದರೂ ಕೆಲವರು ತೆಗೆದುಕೊಂಡ ಸಮಯ ಯುರೋಪಿನವರ ಸಮಯದ ಹತ್ತಿರಕ್ಕೆ ಬಂದಿತ್ತು. ಅಂತಿಮ ಓಟ ನೋಡಲು ಬಂದಿದ್ದ ಬೊಂಬಾಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರಿಗೆ ದೊರಾಬ್ಜಿ ಅಲ್ಲೇ ವಿಷಯ ಮುಟ್ಟಿಸಿದರು. ಇವರನ್ನು ಆಂಟ್‌ವರ್ಪ್‌ನ ಒಲಿಂಪಿಕ್ಸ್‌ಗೆ ಕಳಿಸಬೇಕು. ಲಾಯ್ಡ್ ಬೆಂಬಲ ಕೊಟ್ಟರು. ದೊರಾಬ್ಜಿ ಸ್ವಂತ ಹಣ ಹಾಕಿದರು, ಉಳಿದದ್ದನ್ನು ಚಂದಾ ಎತ್ತಿ ಹೊಂದಿಸಿದರು.

ಹೀಗೆ ಭಾರತದ ಹೆಸರಿನಲ್ಲಿ ಒಲಿಂಪಿಕ್ಸ್‌ಗೆ ಹೋದ ಮೊದಲ ತಂಡದಲ್ಲಿ ಆರು ಕ್ರೀಡಾಪಟುಗಳಿದ್ದರು. ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ ಕುಸ್ತಿಪಟುಗಳು. ಬಂಗಾಳದ ಪೂರ್ಮ ಬ್ಯಾನರ್ಜಿ ಕಡಿಮೆ ದೂರದ ಓಟಗಾರ. ದೂರದ ಓಟಕ್ಕೆ ಸಾತಾರದ ಸದಾಶಿವ ದಾತಾರ್, ಹುಬ್ಬಳ್ಳಿಯ ಕೈಕಾಡಿ, ಬೆಳಗಾವಿಯ ಫಡೆಪ್ಪ ಚೌಗುಲೆ. ನಾಲ್ವರು ಓಟಗಾರರಲ್ಲಿ ಇಬ್ಬರು ಇಂದಿನ ಕರ್ನಾಟಕದ ನೆಲದವರು. ಆಗ ಬೆಳಗಾವಿ ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು, ಬಳ್ಳಾರಿ ಹೊಸಪೇಟೆ ಮದ್ರಾಸಿಗೆ, ಸಂಡೂರು ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ. ಹಂಚಿಹೋದ ಈ ನಾಡಿನಲ್ಲಿ ಪುಣೆಗೆ ಹತ್ತಿರವಿದ್ದ ಊರಿನ ಹುಡುಗರಿಗೆ ಬಾಗಿಲು ತೆರೆಯಿತು. ತುಂಗಭದ್ರೆಯ ದಂಡೆಯಲ್ಲೂ ಓಡಬಲ್ಲವರು ಇದ್ದಿರಬೇಕು, ಅವರನ್ನು ನೋಡುವ ಕಣ್ಣು ಅಲ್ಲಿರಲಿಲ್ಲ.

ತಂಡ ಹಡಗಿನಲ್ಲಿ ಇಂಗ್ಲೆಂಡ್ ತಲುಪಿ, ಅಲ್ಲಿ ಕೆಲವು ವಾರ ತರಬೇತಿ ಪಡೆದು ಬೆಲ್ಜಿಯಂಗೆ ಹೋಯಿತು. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಯುದ್ಧದಲ್ಲಿ ನೊಂದ ದೇಶಕ್ಕೆ ಗೌರವವೆಂದು ಆಂಟ್‌ವರ್ಪ್‌ಗೆ ಕ್ರೀಡಾಕೂಟ ಒಪ್ಪಿಸಲಾಗಿತ್ತು. ಟ್ರ್ಯಾಕಿನ ಓಟಗಳಲ್ಲಿ ನಮ್ಮವರು ಮೊದಲ ಸುತ್ತು ದಾಟಲಿಲ್ಲ. ಉಳಿದದ್ದು ಮ್ಯಾರಥಾನ್.

1920ರ ಆಗಸ್ಟ್ 22. ತಣ್ಣನೆಯ ಮಳೆಯ ದಿನ. ಅಂದಿನ ಓಟದ ದೂರ 42.75 ಕಿಲೋಮೀಟರ್. ಅಷ್ಟು ಉದ್ದದ ಮ್ಯಾರಥಾನ್ ಅದಕ್ಕೂ ಹಿಂದೆ ಒಲಿಂಪಿಕ್ಸ್‌ನಲ್ಲಿ ನಡೆದಿರಲಿಲ್ಲ, ಮುಂದೆಯೂ ನಡೆಯಲಿಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದ. ಎಸ್ಟೋನಿಯಾದ ಯೂರಿ ಲೊಸ್ಮಾನ್ ಹದಿಮೂರು ಸೆಕೆಂಡಿನಷ್ಟು ಹಿಂದೆ ಎರಡನೆಯವನಾದ. ದಾತಾರ್ ಅವರಿಗೆ ಓಟ ಪೂರ್ತಿ ಮಾಡಲಾಗಲಿಲ್ಲ. ಗುರಿ ಮುಟ್ಟಿದ 35 ಜನರಲ್ಲಿ ಹತ್ತೊಂಬತ್ತನೆಯವರಾಗಿ ಬಂದವರು ಫಡೆಪ್ಪ ಚೌಗುಲೆ. ಅವರು ತೆಗೆದುಕೊಂಡದ್ದು 2 ಗಂಟೆ 50 ನಿಮಿಷ 45 ಸೆಕೆಂಡು. ಅವರ ಹಿಂದೆ ಇನ್ನೂ ಹದಿನಾರು ಜನ ಬಂದರು, ಹಲವರು ನಡುವೆಯೇ ಓಟ ಬಿಟ್ಟಿದ್ದರು.

ಗೆದ್ದವನಿಗೂ ಚೌಗುಲೆಯವರಿಗೂ ನಡುವಿನ ಅಂತರ ಹದಿನೆಂಟು ನಿಮಿಷ. ಕೊಲೆಹ್ಮೈನೆನ್ 1912ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಿದ್ದವನು. ಓಟಗಾರರ ಮನೆತನದಲ್ಲಿ ಹುಟ್ಟಿ, ವರ್ಷಗಟ್ಟಲೆ ಪಂದ್ಯಗಳಲ್ಲಿ ಪಳಗಿದವನು. ಚೌಗುಲೆಯವರ ಕೈಯಲ್ಲಿದ್ದದ್ದು ಪುಣೆಯ ಓಟಗಳು ಮತ್ತು ಇಂಗ್ಲೆಂಡಿನ ಕೆಲವು ವಾರಗಳ ತರಬೇತಿ. ಇಷ್ಟರ ಮೇಲೆ ಹದಿನೆಂಟು ನಿಮಿಷದ ಅಂತರ ನನ್ನ ಕಣ್ಣಿಗೆ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಬೆಳಗಾವಿಯ ಹೊರಗೆ ಅವರ ಹೆಸರು ಗೊತ್ತಿರುವ ಕನ್ನಡಿಗರು ಎಷ್ಟು ಜನ? ನಮ್ಮ ಶಾಲೆಯ ಪಾಠದಲ್ಲಿ ಆ ಹೆಸರು ಇರಬೇಕಿತ್ತು.

ಆಂಟ್‌ವರ್ಪ್‌ನ ಪ್ರಯಾಣ ವ್ಯರ್ಥವಾಗಲಿಲ್ಲ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಅದರ ಮೊದಲ ಅಧ್ಯಕ್ಷರಾದರು. ಆದರೆ ಸಂಸ್ಥೆ ಇದ್ದದ್ದು ದೂರದ ನಗರಗಳಲ್ಲಿ. ಹಳ್ಳಿಯ ಓಟಗಾರನ ಪಕ್ಕಕ್ಕೆ ದಿನವೂ ಬಂದು ನಿಲ್ಲುವವರು ಇರಲಿಲ್ಲ. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಭಾರತದ ಶಿವನಾಥ್ ಸಿಂಗ್ ಹನ್ನೊಂದನೆಯ ಸ್ಥಾನಕ್ಕೆ ಬಂದದ್ದು 1976ರಲ್ಲಿ, ಚೌಗುಲೆಯವರ ಓಟ ಮುಗಿದು 56 ವರ್ಷ ಕಳೆದ ಮೇಲೆ.

ಎರಡು ಸುತ್ತಿನ ಓಟ, ಎರಡು ದೇಶದ ಓಟಗಾರ

ಊರೊಂದು ಬೆನ್ನಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ವಿಲ್ಸನ್ ಕಿಪ್ಕೆಟರ್ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅವರದು ಮಧ್ಯಮ ದೂರದ ಓಟ, 800 ಮೀಟರ್. ಟ್ರ್ಯಾಕಿನ ಎರಡೇ ಸುತ್ತು. ನೂರು ಮೀಟರಿನವರಂತೆ ಕಣ್ಣುಮುಚ್ಚಿ ಓಡಿದರೆ ಎರಡನೆಯ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ. ಉಸಿರು ಉಳಿಸಿಕೊಂಡು ಓಡಿದರೆ ಮುಂದಿನವನು ಕೈಗೆ ಸಿಗುವುದಿಲ್ಲ. ವೇಗ, ದಮ್ಮು, ಲೆಕ್ಕಾಚಾರ ಮೂರೂ ಒಬ್ಬನಲ್ಲೇ ಇರಬೇಕು. ಅದಕ್ಕೇ ಈ ಓಟಗಾರ ತಾನಾಗಿ ಹುಟ್ಟಿಬರುವುದು ಅಪರೂಪ, ಅವನನ್ನು ತಯಾರು ಮಾಡಬೇಕಾಗುತ್ತದೆ.

ಕಿಪ್ಕೆಟರ್ ಹುಟ್ಟಿದ್ದು 1972ರಲ್ಲಿ, ಕೀನ್ಯಾದಲ್ಲಿ. ಓದಿದ್ದು ಸಮುದ್ರಮಟ್ಟದಿಂದ 2,400 ಮೀಟರ್ ಎತ್ತರದ ಇಟೆನ್ ಎಂಬ ಸಣ್ಣ ಊರಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲಿ. 1976ರಲ್ಲಿ ಐರ್ಲೆಂಡಿನಿಂದ ಕೋಮ್ ಓಕಾನೆಲ್ ಎಂಬ ಕ್ರೈಸ್ತ ಸಹೋದರರು ಅಲ್ಲಿಗೆ ಭೂಗೋಳದ ಮೇಷ್ಟರಾಗಿ ಬಂದರು. ಓಟದ ತರಬೇತಿಯ ವಿದ್ಯೆ ಅವರಿಗೆ ಗೊತ್ತಿರಲಿಲ್ಲ. ಮಕ್ಕಳನ್ನು ನೋಡುತ್ತ ಕಲಿತರು, ಕಲಿತದ್ದನ್ನು ಮಕ್ಕಳಿಗೆ ಕಲಿಸುತ್ತ ಉಳಿದುಬಿಟ್ಟರು. ಆ ಶಾಲೆಯ ಮಣ್ಣಿನ ಹಾದಿಯಿಂದ ವಿಶ್ವ ಚಾಂಪಿಯನ್ನರ ಸಾಲೇ ಹೊರಟಿತು.

1990ರಲ್ಲಿ ವಿದ್ಯಾರ್ಥಿಯಾಗಿ ಡೆನ್ಮಾರ್ಕಿಗೆ ಹೋದ ಕಿಪ್ಕೆಟರ್ ಅಲ್ಲೇ ನೆಲೆನಿಂತರು. ಪೋಲೆಂಡಿನ ಸ್ಲಾವೊಮಿರ್ ನೊವಾಕ್ ಕೋಚ್ ಆದರು. 1995, 1997 ಮತ್ತು 1999ರಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಪಟ್ಟ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅವರನ್ನು ಸೋಲಿಸುವವರು ಇರಲಿಲ್ಲ. ಆದರೆ ಡೆನ್ಮಾರ್ಕಿನ ಪೌರತ್ವ ಪೂರ್ತಿಯಾಗಿ ಕೈಗೆ ಬಂದಿರಲಿಲ್ಲವಾದ್ದರಿಂದ ಓಡುವಂತಿರಲಿಲ್ಲ. ತಮ್ಮ ಬದುಕಿನ ಅತ್ಯುತ್ತಮ ವರ್ಷಗಳಲ್ಲಿ ಬಂದ ಒಲಿಂಪಿಕ್ಸನ್ನು ಅವರು ದೂರದಿಂದ ನೋಡಬೇಕಾಯಿತು.

ಮರುವರ್ಷ ಅದಕ್ಕೆ ಉತ್ತರ ಕೊಟ್ಟರು. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 1981ರಲ್ಲಿ ಬರೆದ 1 ನಿಮಿಷ 41.73 ಸೆಕೆಂಡಿನ ವಿಶ್ವದಾಖಲೆಯನ್ನು 1997ರ ಜುಲೈಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸರಿಗಟ್ಟಿದರು. ಆಗಸ್ಟ್‌ನಲ್ಲಿ ಜ್ಯೂರಿಕ್‌ನಲ್ಲಿ 1:41.24ಕ್ಕೆ ಇಳಿಸಿದರು. ಹನ್ನೊಂದು ದಿನ ಬಿಟ್ಟು ಕಲೋನ್‌ನಲ್ಲಿ 1:41.11. ಪ್ರತಿ ನೂರು ಮೀಟರಿಗೆ ಸರಾಸರಿ 12.64 ಸೆಕೆಂಡಿನಂತೆ ಎಂಟು ಸಲ, ಎಲ್ಲೂ ನಿಲ್ಲದೆ. 1998ರಲ್ಲಿ ಮಲೇರಿಯಾ ಅವರನ್ನು ಕೆಡವಿತು. ಎದ್ದು ಬಂದು 2000ರ ಸಿಡ್ನಿಯಲ್ಲಿ ಬೆಳ್ಳಿ, 2004ರ ಅಥೆನ್ಸ್‌ನಲ್ಲಿ ಕಂಚು ಗೆದ್ದರು. ಒಲಿಂಪಿಕ್ ಚಿನ್ನ ಮಾತ್ರ ಸಿಗಲೇ ಇಲ್ಲ. ಕಲೋನ್‌ನ ದಾಖಲೆ ಹದಿಮೂರು ವರ್ಷ ಉಳಿಯಿತು. 2010ರಲ್ಲಿ ಅದನ್ನು ಮುರಿದ ಡೇವಿಡ್ ರುಡಿಶಾ ಕೂಡ ಇಟೆನ್‌ನ ಅದೇ ಭೂಗೋಳದ ಮೇಷ್ಟರ ಶಿಷ್ಯ.

ಇಟೆನ್‌ನಲ್ಲಿ ಅರಮನೆಯೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. ಎತ್ತರದ ಗಾಳಿ, ಒಂದು ಶಾಲೆ, ಜಾಗ ಬಿಟ್ಟು ಕದಲದ ಒಬ್ಬ ಮೇಷ್ಟರು, ಅಣ್ಣಂದಿರು ಓಡುವುದನ್ನು ದಿನವೂ ನೋಡುತ್ತ ಬೆಳೆಯುವ ಮಕ್ಕಳು. ಡೆನ್ಮಾರ್ಕ್ ಮುಂದಿನದನ್ನು ಒದಗಿಸಿತು. ಓಟಗಾರನೊಬ್ಬ ಮೇಲೇರುವುದು ಹೀಗೆ ಹಲವರು ಒಬ್ಬರ ನಂತರ ಒಬ್ಬರು ಹೊಣೆ ಹೊತ್ತಾಗ.

ಸಂಡೂರಿನ ಅದಿರು, ತೋರಣಗಲ್ಲಿನ ಟ್ರ್ಯಾಕ್

ಹೊಸಪೇಟೆಯಿಂದ ಬಳ್ಳಾರಿಯ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ತೋರಣಗಲ್ಲು ಸಂಡೂರು ತಾಲ್ಲೂಕಿಗೆ ಸೇರಿದ ಊರು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರನ್ನು ನಂಬಿ 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಅಡಿಗಲ್ಲು ಅಡಿಗಲ್ಲಾಗಿಯೇ ಬಹುಕಾಲ ಉಳಿಯಿತು. 1990ರ ದಶಕದಲ್ಲಿ ಜಿಂದಾಲ್ ಸಂಸ್ಥೆ ಇಲ್ಲಿ ಕಾರ್ಖಾನೆ ಕಟ್ಟಿತು. ಅದರ ಸುತ್ತ ವಿದ್ಯಾನಗರದಂಥ ವಸತಿಗಳೆದ್ದವು.

2018ರ ಆಗಸ್ಟ್‌ನಲ್ಲಿ ಈ ಉಕ್ಕಿನ ಊರಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. 42 ಎಕರೆಯ ಆವರಣ. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೊ, ಈಜು ಇಲ್ಲಿನ ಮುಖ್ಯ ಕ್ರೀಡೆಗಳು. ಮೂಲಬಂಡವಾಳ ಜಿಂದಾಲರದು, ಬೇರೆ ಕಂಪನಿಗಳೂ ತಮ್ಮ ಸಾಮಾಜಿಕ ಹೊಣೆಯ ಹಣದಿಂದ ಕೈಜೋಡಿಸಿದವು. 1920ರಲ್ಲಿ ಭಾರತದ ಓಟಗಾರರನ್ನು ಹಡಗು ಹತ್ತಿಸಿದ್ದು ಉಕ್ಕಿನ ಉದ್ಯಮಿಯೊಬ್ಬರ ಮುತುವರ್ಜಿ. ಸುಮಾರು ನೂರು ವರ್ಷದ ನಂತರ ಟ್ರ್ಯಾಕ್ ಹಾಸಿದ್ದೂ ಉಕ್ಕಿನ ಉದ್ಯಮವೇ. ಒಂದು ಮುಖ್ಯ ವ್ಯತ್ಯಾಸವಿದೆ. ದೊರಾಬ್ಜಿ ಹೊಂದಿಸಿದ್ದು ಒಂದು ಪ್ರಯಾಣದ ಖರ್ಚು. ತೋರಣಗಲ್ಲಿನಲ್ಲಿ ಎದ್ದದ್ದು ಹುಡುಗರು ವರ್ಷವಿಡೀ ಉಂಡು, ಮಲಗಿ, ಓದಿ, ಓಡುವ ಜಾಗ. ಗಾಯವಾದರೆ ನೋಡುವ ಫಿಸಿಯೋಥೆರಪಿಸ್ಟ್ ಅಲ್ಲೇ ಇದ್ದಾರೆ, ತಟ್ಟೆಯಲ್ಲಿ ಏನಿರಬೇಕೆಂದು ಹೇಳುವವರೂ ಇದ್ದಾರೆ.

ಅದರ ಬೆಲೆ ಏನೆಂಬುದು ಬೇಗ ಗೊತ್ತಾಯಿತು. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರಿಗೆ 2019ರ ಮೇ ತಿಂಗಳಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಎಸೆಯುವ ಕೈಯೇ ಕೈಕೊಟ್ಟಿತ್ತು. ಚೇತರಿಕೆಯ ತಿಂಗಳುಗಳನ್ನು ಅವರು ಕಳೆದದ್ದು ಇಲ್ಲೇ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಟೋಕಿಯೊಗೆ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆತಕ್ಕೆ ಚಿನ್ನ ಬಂತು. ಅಥ್ಲೆಟಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪದಕ ಅದು. 2023ರ ಮಾರ್ಚ್ 2ರಂದು ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ ಇದೇ ಆವರಣದಲ್ಲಿ 8.42 ಮೀಟರ್ ಉದ್ದ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು. ಬಳ್ಳಾರಿ ಎಂದರೆ ಗಣಿ, ಧೂಳು, ಲಾರಿ, 2011ರ ಸುಪ್ರೀಂ ಕೋರ್ಟಿನ ಗಣಿಗಾರಿಕೆ ನಿಷೇಧ ಎಂದಷ್ಟೇ ಕೇಳಿದ್ದ ದೇಶದ ಕ್ರೀಡಾಪುಟಗಳಲ್ಲಿ ಈ ಜಿಲ್ಲೆಯ ಹೆಸರು ಬೇರೆಯದೇ ಕಾರಣಕ್ಕೆ ಅಚ್ಚಾಯಿತು.

ಕರ್ನಾಟಕದ ಮಧ್ಯಮ ದೂರದ ಓಟದ ಮಾತು ಬಂದಾಗ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರನ್ನು ಹೆಮ್ಮೆಯಿಂದ ಹೆಸರಿಸಬೇಕು. ದೃಷ್ಟಿಯಿಲ್ಲದ ಈ ಹುಡುಗಿ 2018ರ ಜಕಾರ್ತ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಈ ಓಟದಲ್ಲಿ ಮಾರ್ಗದರ್ಶಕ ಓಟಗಾರನೊಬ್ಬ ಪಕ್ಕದಲ್ಲಿ ಓಡುತ್ತಾನೆ. ಇಬ್ಬರ ಕೈಗೂ ಒಂದೇ ಚಿಕ್ಕ ದಾರ. ಹೆಜ್ಜೆಗೆ ಹೆಜ್ಜೆ, ಉಸಿರಿಗೆ ಉಸಿರು ಕೂಡಬೇಕು, ಇಲ್ಲದಿದ್ದರೆ ಇಬ್ಬರೂ ಮುಗ್ಗರಿಸುತ್ತಾರೆ. ಓಟ ಒಬ್ಬರ ಆಟ ಎನ್ನುವವರು ಇದನ್ನೊಮ್ಮೆ ನೋಡಬೇಕು.

ಮುಂದಿನ ಸುತ್ತು

ತೋರಣಗಲ್ಲಿನ ಸಂಸ್ಥೆ ಇಡೀ ದೇಶದ ಪ್ರತಿಭೆಗೆ ಬಾಗಿಲು ತೆರೆದಿದೆ, ಅದು ಹಾಗೆಯೇ ಇರಬೇಕು. ಆದರೆ ಅದರ ಗೋಡೆಯ ಹೊರಗೆ ಸಂಡೂರಿನ ಗಣಿ ಕಾರ್ಮಿಕರ ಮಕ್ಕಳಿದ್ದಾರೆ. ಕಂಪ್ಲಿಯ ಭತ್ತ ಮತ್ತು ಕಬ್ಬಿನ ಗದ್ದೆಗಳ ಕೂಲಿಕಾರರ ಮಕ್ಕಳಿದ್ದಾರೆ. ಕಮಲಾಪುರ, ಹೊಸಪೇಟೆಯ ಸರಕಾರಿ ಶಾಲೆಗಳ ಮಕ್ಕಳಿದ್ದಾರೆ. ದಸರೆ ಬಂದರೆ ತಾಲ್ಲೂಕು ಮಟ್ಟದ ಕ್ರೀಡಾಕೂಟ ನಡೆಯುತ್ತದೆ. ಅಲ್ಲಿ ಬರಿಗಾಲಲ್ಲಿ 800 ಮೀಟರ್ ಓಡಿ ಗೆದ್ದ ಹುಡುಗಿಗೆ ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆದು ಮನೆಗೆ ಕಳಿಸುತ್ತೇವೆ. ಆ ಹುಡುಗಿ ಮರುದಿನ ಬೆಳಿಗ್ಗೆ ಎಲ್ಲಿ ಓಡಬೇಕು, ಯಾರ ಮಾತು ಕೇಳಿ ಓಡಬೇಕು, ಓಡಿ ಬಂದು ಏನು ಉಣ್ಣಬೇಕು ಎಂಬುದಕ್ಕೆ ಊರು ಉತ್ತರ ಕೊಡಬೇಕು.

ದಾರಿ ಇಲ್ಲವೆನ್ನುವಂತಿಲ್ಲ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾನೂನು ಪ್ರತಿ ಗಣಿ ಜಿಲ್ಲೆಯಲ್ಲೂ ಖನಿಜ ಪ್ರತಿಷ್ಠಾನ ಇರಬೇಕೆಂದು ಹೇಳುತ್ತದೆ. ಅದಿರು ತೆಗೆಯುವವರು ಕೊಡುವ ಪಾಲು ಗಣಿಬಾಧಿತ ಜನರ ಒಳಿತಿಗೆ ಬಳಕೆಯಾಗಬೇಕು. ಕುಡಿಯುವ ನೀರು, ಆಸ್ಪತ್ರೆ, ಶಾಲೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆ ಶಾಲೆಗಳಲ್ಲಿ ಒಂದು ಸಮತಟ್ಟಾದ ಮೈದಾನ ಮತ್ತು ವರ್ಷವಿಡೀ ಇರುವ ದೈಹಿಕ ಶಿಕ್ಷಕರೂ ಸೇರಲಿ. ತೋರಣಗಲ್ಲಿನ ಕೋಚ್‌ಗಳು ತಿಂಗಳಿಗೊಮ್ಮೆ ಸುತ್ತಲಿನ ತಾಲ್ಲೂಕುಗಳ ಶಾಲೆಗೆ ಬಂದು ಮಕ್ಕಳ ಓಟ ನೋಡಲಿ, ಅಲ್ಲಿನ ಶಿಕ್ಷಕರಿಗೆ ತಿಳಿದದ್ದನ್ನು ಹೇಳಿಕೊಡಲಿ. ಲೋಕದ ಅತಿ ವೇಗದ ಮಧ್ಯಮ ದೂರದ ಓಟಗಾರರನ್ನು ತಯಾರು ಮಾಡಿದ್ದು ಓಟದ ಪಂಡಿತರಲ್ಲ, ಒಂದು ಶಾಲೆಯ ಭೂಗೋಳದ ಮೇಷ್ಟರು ಎಂಬುದನ್ನು ನಮ್ಮ ಶಿಕ್ಷಕರು ಧೈರ್ಯವಾಗಿ ತೆಗೆದುಕೊಳ್ಳಲಿ.

ಸಂಡೂರಿನ ಬೆಟ್ಟದಿಂದ ಇಷ್ಟು ವರ್ಷ ಅದಿರು ಹೋಗಿದೆ, ಇನ್ನೂ ಹೋಗುತ್ತಿದೆ. ಅದರ ಋಣ ತೀರಿಸುವ ದಾರಿಗಳಲ್ಲಿ ಇಲ್ಲಿನ ಮಕ್ಕಳಿಗೆ ಓಡಲು ಮೈದಾನ ಮತ್ತು ಓಡಿಸುವ ಗುರು ಕೊಡುವುದೂ ಒಂದು. ಬೆಳಗಾವಿಯ ಫಡೆಪ್ಪ ಚೌಗುಲೆಯವರಿಗೆ ಸಿಕ್ಕ ಕೆಲವು ವಾರಗಳ ಬದಲು ಕಂಪ್ಲಿಯ ಒಬ್ಬ ಹುಡುಗನಿಗೆ, ಸಂಡೂರಿನ ಒಬ್ಬ ಹುಡುಗಿಗೆ ಹತ್ತು ವರ್ಷ ಸಿಗಲಿ. ಕೊಡಬೇಕಾದವರು ಕಂಪನಿ, ಸರಕಾರ ಮತ್ತು ಈ ಊರುಗಳಲ್ಲಿ ಬದುಕುವ ನಾವೆಲ್ಲರೂ.